ಹಗ್ಗ ಎಲ್ಲಿ ಹೋಯಿತು?

ಟಿವಿಯಲ್ಲಿ ಅಡೆತಡೆ ದಾಟುವ ಸ್ಪರ್ಧೆ ‘ಅಮೆರಿಕನ್ ನಿಂಜಾ ವಾರಿಯರ್’ ನೋಡಲು ಕೂತರೆ ಈಗ ಸಿಟ್ಟೇ ಬರುತ್ತದೆ. ಮೊದಲು ಲೆಕ್ಕ ಸುಲಭ ಇತ್ತು. ಫೈನಲ್‌ನಲ್ಲಿ ನಾಲ್ಕು ಹಂತ, ಕೊನೆಗೆ 30 ಸೆಕೆಂಡಿನಲ್ಲಿ 75 ಅಡಿ ಹಗ್ಗ. 2015ರವರೆಗೆ ಅದನ್ನು ಹತ್ತಿ ಗೆದ್ದವರೇ ಇರಲಿಲ್ಲ! ಕುಂಬಳೆಯ ನಮ್ಮ ಮನೆಯಲ್ಲಿ ಅಡಿಕೆ ಮರ ಹತ್ತುವ ಭಾವನೂ ಮರ ಹತ್ತಲು ಕಾಲಿಗೆ ಹಾಕುವ ತಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು ಬಾಯಿ ಮುಚ್ಚಿ ನೋಡಿದ್ದು ಅದೊಂದನ್ನೇ.

2025ರಲ್ಲಿ ಆ ಹಗ್ಗವನ್ನೇ ತೆಗೆದರು. ಫೈನಲ್‌ನಲ್ಲಿ ಈಗ ಇಬ್ಬರನ್ನು ಅಕ್ಕಪಕ್ಕ ಓಡಿಸುವುದು, ಬೇಗ ಮುಗಿಸಿದವರು ಮುಂದಕ್ಕೆ. ಓಟವೇ ಬೇಕಿದ್ದರೆ ನಾನು ಸುಮ್ನೆ ಕಂಬಳಕ್ಕೆ ಹೋಗುತ್ತಿದ್ದೆ, ಅಲ್ವಾ? ಅಲ್ಲಿ ಚುರುಮುರಿಯಾದರೂ ಸಿಗುತ್ತದೆ. ಮೊನ್ನೆ ಭಾವ ಬಂದು ಎರಡು ನಿಮಿಷ ನೋಡಿದರು. “ಇವರು ಹತ್ತುವುದು ಯಾವಾಗ ಮಾರಾಯಾ?” ಎಂದು ಕೇಳಿ ತೋಟಕ್ಕೆ ಹೋದರು.