ಸ್ಪೀಕರ್ ಮಾರುವವರ ಗಂಡೆದೆ

ಸೋನೋಸ್ ಅಂತ ಅಮೆರಿಕದ ಸ್ಪೀಕರ್ ಕಂಪನಿ; ಅದರ ಸ್ಪೀಕರುಗಳನ್ನು ಫೋನಿನ ಆಪ್‌ನಿಂದ ಆಡಿಸುವುದು. ಆ ಆಪ್‌ನದೇ ಒಂದು ರಾಮಾಯಣ. 2024ರ ಮೇ 7ಕ್ಕೆ ಹೊಸ ಆಪ್ ಬಂತು, ಹಳೆಯದಕ್ಕೆ ಎಳ್ಳುನೀರು ಬಿಟ್ಟರು. ಬಂದಾಗ ಹೊಸದರಲ್ಲಿ ಹೇಳಿದ ಹೊತ್ತಿಗೆ ಹಾಡು ತಾನೇ ನಿಲ್ಲುವ ಸ್ಲೀಪ್ ಟೈಮರ್ ಇರಲಿಲ್ಲ, ಮುಂದಿನ ಹಾಡುಗಳ ಸಾಲನ್ನು ಹಿಂದುಮುಂದು ಮಾಡುವ ಹಾಗಿರಲಿಲ್ಲ, ಅಲಾರಂ ಇಡುವುದಕ್ಕೆ ಜಾಗವೇ ಇರಲಿಲ್ಲ. ಗಿರಾಕಿಗಳು ಬಾಯಿ ಬಡಿದುಕೊಂಡರೆ, ಹೀಗೆ ಬುಡದಿಂದ ಕಟ್ಟುವುದಕ್ಕೆ ಧೈರ್ಯ ಬೇಕು ಅಂತ ಕಂಪನಿಯ ದೊಡ್ಡವರೊಬ್ಬರ ಸಮಜಾಯಿಷಿ.

ಖಂಡಿತ ಬೇಕು ಸ್ವಾಮಿ. ದುಡ್ಡು ಕೊಟ್ಟು ಕೊಂಡವನ ನಡುಮನೆಗೆ ನುಗ್ಗಿ, ಗೋಡೆ ಗಡಿಯಾರ ಕಿತ್ತುಕೊಂಡು, ‘ಇದಕ್ಕಿಂತ ಚೆನ್ನಾಗಿರೋದು ಕೊಡ್ತೀವಿ, ಕಾಯ್ತಾ ಇರಿ’ ಅನ್ನೋದಕ್ಕೆ ಗಂಡೆದೆಯೇ ಬೇಕು. ಅತ್ತ ಕ್ಯಾಲಿಫೋರ್ನಿಯಾದಲ್ಲಿ ನಮ್ಮವರು ಯಾರಾದರೂ ಹಳೇ ಆಪ್‌ನಲ್ಲಿ ಐದೂವರೆಗೆ ಸುಪ್ರಭಾತದ ಅಲಾರಂ ಇಟ್ಟುಕೊಂಡಿದ್ದರೆ, ಭಾನುವಾರ ಒಂದು ದಿನ ಏಳಕ್ಕೆ ದೂಡೋಣ ಅಂದರೂ ಹೊಸ ಆಪ್ ಒಪ್ಪುತ್ತಿರಲಿಲ್ಲ. ದೇವರಿಗೂ ರಜೆ ಇರಲಿಲ್ಲ.

ಹಳೇ ರೇಡಿಯೋದಲ್ಲಿ ಒಂದು ತಿರುಗಣೆ ಇರುತ್ತಿತ್ತು. ತಿರುಗಿಸಿದರೆ ‘ಟಕ್’, ಆಮೇಲೆ ಸ್ವಲ್ಪ ಗೊರಗೊರ, ಆಮೇಲೆ ಆಕಾಶವಾಣಿ. ಅದು ಯಾವತ್ತೂ ಇಮೇಲ್ ಕೇಳಲಿಲ್ಲ, ಪಾಸ್‌ವರ್ಡ್‌ನಲ್ಲಿ ಒಂದು ದೊಡ್ಡಕ್ಷರ ಇರಲಿ ಅನ್ನಲಿಲ್ಲ. ಹೊಸ ಆಪ್ ಬಂದಾಗಲೋ, ಬಾಗಿಲಿಗೆ ಯಾರೋ ಬಂದರು, ದನಿ ತಗ್ಗಿಸೋಣ ಅಂತ ಫೋನ್ ಮೇಲೆ ಬೆರಳೆಳೆದರೆ, ಸ್ಪೀಕರ್ ಸಾಹೇಬರು ಕೊಂಚ ಯೋಚಿಸಿ ಆಮೇಲೆ ತಗ್ಗುತ್ತಿದ್ದರು. ಬಂದವರು ಅಷ್ಟೊತ್ತಿಗೆ ಚಪ್ಪಲಿ ಬಿಟ್ಟು ಒಳಗೆ ಕೂತಿರುತ್ತಿದ್ದರು.

ಹೋಗಲಿ, ಹಳೇ ಆಪನ್ನೇ ವಾಪಸ್ ಕೊಡಿ ಅಂದರೆ, ಆಗಸ್ಟಿನಲ್ಲಿ ಉತ್ತರ ಬಂತು: ಸ್ಪೀಕರಿನ ಒಳಗಿನ ಸಾಫ್ಟ್‌ವೇರೂ ಕ್ಲೌಡೂ ಬದಲಾಗಿಬಿಟ್ಟಿವೆ, ಹಳೆಯದನ್ನು ತಂದರೆ ಇನ್ನೂ ಕೆಡುತ್ತದೆ. ಅಂದರೆ ಸ್ಪೀಕರ್ ನಮ್ಮದು, ಅದರ ಬುದ್ಧಿ ಅವರದು.

ಇತ್ತ ಲಾಜಿಟೆಕ್ ಕಂಪನಿಯ ಸ್ಕ್ವೀಜ್‌ಬಾಕ್ಸ್ ನೋಡಿ, ಮನೆಯ ನೆಟ್‌ವರ್ಕಿನಿಂದ ಹಾಡು ತರಿಸಿಕೊಂಡು ನುಡಿಸುವ ಪೆಟ್ಟಿಗೆ. ಲಾಜಿಟೆಕ್ 2012ರಲ್ಲೇ ಅದಕ್ಕೆ ತಿಲಾಂಜಲಿ ಕೊಟ್ಟಿತು, 2024ರಲ್ಲಿ ಅದರ ಆನ್‌ಲೈನ್ ಸೇವೆಯನ್ನೂ ಮುಚ್ಚಿತು. ಪೆಟ್ಟಿಗೆ ಮಾತ್ರ ಈಗಲೂ ಹಾಡುತ್ತಿದೆ. ಅದಕ್ಕೆ ಹಾಡು ಕಳಿಸುವ ಸರ್ವರ್ ಸಾಫ್ಟ್‌ವೇರ್ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ತೆಗೆದು ತಿದ್ದಬಹುದಾದದ್ದು, ಆಗಿದ್ದಕ್ಕೆ ಸಂಬಳವಿಲ್ಲದ ಹವ್ಯಾಸಿಗಳು ಲಿರಿಯಾನ್ ಅಂತ ಹೊಸ ಹೆಸರಿಟ್ಟು ಸಾಕುತ್ತಿದ್ದಾರೆ. ಪರ್ಲ್ ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ನೋಡುವುದಕ್ಕೆ ತಾಲ್ಲೂಕು ಕಚೇರಿಯ ಅರ್ಜಿ ನಮೂನೆಯೇ. ರಾಸ್ಪ್‌ಬೆರಿ ಪೈ ಅನ್ನೋ ಪುಟಾಣಿ ಕಂಪ್ಯೂಟರಿಗೆ ಅದನ್ನು ಕೂರಿಸುವಷ್ಟರಲ್ಲಿ ಒಂದು ಭಾನುವಾರ ಢಮಾರ್, ಮನೆಯವರ ಬೈಗುಳ ಉಚಿತ. ಆದರೆ ಬೆಳಗಾಗುವಷ್ಟರಲ್ಲಿ ಅಲಾರಂ ಕಾಣೆಯಾಗುವುದಿಲ್ಲ, ಯಾಕೆಂದರೆ ಅಲ್ಲಿ ಧೈರ್ಯವಂತರು ಯಾರೂ ಇಲ್ಲ.

ತಮಾಷೆ ಸಾಕು. ಕಣ್ಣು ಕಾಣದವರಿಗೆ ಸೋನೋಸ್‌ನ ಹಳೇ ಆಪ್, ತೆರೆಯ ಮೇಲಿದ್ದದ್ದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಜೊತೆ ಒಗ್ಗಿಹೋಗಿತ್ತು. ಹೊಸದು ಬಂದ ದಿನವೇ ಅದೂ ಕೆಟ್ಟಿತು. ತಮ್ಮ ಮನೆಯಲ್ಲಿ ತಮ್ಮ ದುಡ್ಡಿನ ಸ್ಪೀಕರಿನಲ್ಲಿ ಒಂದು ಹಾಡು ಹಾಕಲು ಅವರು ಇನ್ನೊಬ್ಬರನ್ನು ಕರೆಯಬೇಕಾಯಿತು. ಇದು ಗೊತ್ತಿಲ್ಲದೆ ಬಿಟ್ಟರೆ ದಡ್ಡತನ. ಗೊತ್ತಿದ್ದೂ ಬಿಟ್ಟಿದ್ದರೆ ಅದಕ್ಕೆ ಇಡುವ ಹೆಸರು ಪತ್ರಿಕೆಯಲ್ಲಿ ಅಚ್ಚಾಗುವಂಥದ್ದಲ್ಲ.

ಅದೇ ಆಗಸ್ಟಿನಲ್ಲಿ ಸೋನೋಸ್‌ನ ಸುಮಾರು 100 ನೌಕರರು ಕೆಲಸ ಕಳೆದುಕೊಂಡು ಮನೆಗೆ ಹೋದರು. ಸಿಇಒ ಪ್ಯಾಟ್ರಿಕ್ ಸ್ಪೆನ್ಸ್ ಹೋಗಿದ್ದು 2025ರ ಜನವರಿಯಲ್ಲಿ, 18.75 ಲಕ್ಷ ಡಾಲರ್ ಎಣಿಸಿಕೊಂಡು. ಜೂನ್‌ವರೆಗೆ ಸಲಹೆಗಾರರಾಗಿ ತಿಂಗಳಿಗೆ 7,500 ಡಾಲರ್ ಬೇರೆ. ಏನು ಸಲಹೆ ಕೊಟ್ಟರೋ, ಮಿನಿಟ್ಸ್ ಸಿಕ್ಕರೆ ಓದಬೇಕು.