ಫ್ಲಾರಿಡಾದ ಶೇಕಡಾ, ಇಂಡಿ ಊರಿನ ಮಳೆ

ಜೂನ್ 1ಕ್ಕೆ ಚಂಡಮಾರುತದ ಕಾಲ ಬಂತೆಂದರೆ ಫ್ಲಾರಿಡಾದ ನಮ್ಮ ಓಣಿಯಲ್ಲಿ ಎಲ್ಲರೂ ಹವಾಮಾನ ಪಂಡಿತರೇ. ನವೆಂಬರ್ 30ರವರೆಗೂ ಇದೇ ಮಾತು. ಮಯಾಮಿಯ ರಾಷ್ಟ್ರೀಯ ಹರಿಕೇನ್ (ಅಲ್ಲಿಯ ಚಂಡಮಾರುತ) ಕೇಂದ್ರ ಅಟ್ಲಾಂಟಿಕ್ ನಕ್ಷೆಗೆ ಬಣ್ಣ ಹಚ್ಚುತ್ತದೆ. ಹಳದಿ ಇದ್ದರೆ ಶೇ 40ಕ್ಕಿಂತ ಕಡಿಮೆ, ಕಿತ್ತಳೆ ಇದ್ದರೆ 40ರಿಂದ 60, ಕೆಂಪು ಅದಕ್ಕೂ ಮೇಲೆ. ಆಫ್ರಿಕಾ ಕಡೆಯಿಂದ ಬಂದ ಮೋಡದ ಗುಂಪು 2 ದಿನದಲ್ಲಿ, 7 ದಿನದಲ್ಲಿ ಸುಳಿಗಟ್ಟುವ ಸಾಧ್ಯತೆಯ ಲೆಕ್ಕ ಅದು. ಸಮುದ್ರದ ನೀರು 26-27 ಡಿಗ್ರಿಯಾದರೂ ಬೆಚ್ಚಗಿರಬೇಕು. ಮೇಲಿನ ಗಾಳಿ ಜೋರಾಗಿ ಬೀಸಿ ಸುಳಿಯನ್ನು ಚದುರಿಸಬಾರದು. ಸಹಾರಾದ ದೂಳು, ಒಣಗಾಳಿ ನುಗ್ಗಿದರೆ ಕಿತ್ತಳೆ ಮತ್ತೆ ಹಳದಿಗೆ ಇಳಿಯುವುದೂ ಉಂಟು.

ಈ ರೀತಿ ನನಗೆ ಇಷ್ಟ. ಆಗಲೂಬಹುದು, ಆಗದೆಯೂ ಇರಬಹುದು ಅನ್ನುವುದನ್ನು ಮುಚ್ಚುಮರೆ ಇಲ್ಲದೆ ಅಂಕಿಯಲ್ಲೇ ಹೇಳುತ್ತಾರೆ. ಶೇ 20 ಇದ್ದಾಗ ಯಾರೂ ಕಿಟಕಿಗೆ ಪ್ಲೈವುಡ್ ಬಡಿಯುವುದಿಲ್ಲ. ನಮ್ಮ ಟಿವಿಯವರಿಗೆ ಬಂಗಾಳ ಕೊಲ್ಲಿಯಲ್ಲಿ ಒಂದಿಷ್ಟು ಮೋಡ ಕಂಡರೂ ಸಾಕು, 'ಚಂಡಮಾರುತದ ಅಬ್ಬರ' ಶುರು! ನಮ್ಮ ಹವಾಮಾನ ಇಲಾಖೆಯೂ ವಾಯುಭಾರ ಕುಸಿತದ ಸಾಧ್ಯತೆಯನ್ನು ದಿನಕ್ಕಿಷ್ಟು ಎಂದು ಕಡಿಮೆ, ಮಧ್ಯಮ, ಹೆಚ್ಚು ಅಂತ ಬಿಡಿಸಿ ಕೊಡುತ್ತದೆ. ಅದನ್ನು ಯಾರು ಓದಿ ಹೇಳುತ್ತಾರೆ?

ಆದರೆ 'ಸುಳಿ ಕಟ್ಟುತ್ತದೋ ಇಲ್ಲವೋ' ಎಂಬ ಫ್ಲಾರಿಡಾದ ಪ್ರಶ್ನೆಯನ್ನು ಹಾಗೇ ಎತ್ತಿಕೊಂಡು ವಿಜಯಪುರ ಜಿಲ್ಲೆಗೆ ಬಂದರೆ ಕೆಲಸಕ್ಕೆ ಬಾರದು. ಫ್ಲಾರಿಡಾದಲ್ಲಿ ಸಮುದ್ರ ಪಕ್ಕದಲ್ಲೇ ಇದೆ, ಗಾಳಿಗೂ ಹೆದರಬೇಕು. ನಮ್ಮೂರು ಮುಟ್ಟುವ ಹೊತ್ತಿಗೆ ಗಾಳಿ ಸೋತಿರುತ್ತದೆ, ನೀರು ಸೋತಿರುವುದಿಲ್ಲ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಹತ್ತಿರ ದಡ ದಾಟಿದ್ದು ಚಂಡಮಾರುತವೇ ಅಲ್ಲ, ತೀವ್ರ ವಾಯುಭಾರ ಕುಸಿತ ಅಷ್ಟೇ. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟದ್ದಕ್ಕೆ ಅದಕ್ಕೊಂದು ಹೆಸರೂ ಸಿಗಲಿಲ್ಲ. ಅದೇ ತೆಲಂಗಾಣ ದಾಟಿ ಬಂದು ನಮ್ಮ ಭಾಗದಲ್ಲಿ, ಸೊಲ್ಲಾಪುರದ ಕಡೆ ಸುರಿಯಿತು. ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ಬಿಟ್ಟ ನೀರೂ ಸೇರಿ ಭೀಮಾ ನದಿ ದಂಡೆಯ ಊರುಗಳಿಗೆ ನುಗ್ಗಿತು. ಹೆಸರೊಂದು ಇದ್ದಿದ್ದರೆ ಜನ ಸ್ವಲ್ಪ ಮೊದಲೇ ಕಿವಿಗೊಡುತ್ತಿದ್ದರೇನೋ.

ವಿಜಯಪುರ ಜಿಲ್ಲೆಯ ಇಂಡಿಯಲ್ಲಿರುವ ನಮ್ಮ ಕಾಕಾನದು ದ್ರಾಕ್ಷಿ ತೋಟ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆದಮೇಲೆ ಎಳೆ ಚಿಗುರಿಗೆ ಮೋಡ, ಜಿಟಿಜಿಟಿ ಮಳೆ ಹಿಡಿದರೆ ಡೌನಿ ಎಂಬ ಬೂಜು ರೋಗ ಬಂತೆಂದೇ ಲೆಕ್ಕ. ನಾನು ಇಲ್ಲಿಂದ ಬಣ್ಣಬಣ್ಣದ ಹವಾಮಾನ ಮಾಡೆಲ್ ನಕ್ಷೆ ಕಳಿಸುತ್ತೇನೆ. ಅವನು ಫೋನಿನಲ್ಲಿ, "ತಮ್ಮಾ, ಅದು ಏನರ ಆಗಲಿ, ಎಣ್ಣಿ ಇವತ್ತ ಹೊಡೀಲೋ ನಾಳೆ ಹೊಡೀಲೋ, ಅಷ್ಟ ಹೇಳು" ಅನ್ನುತ್ತಾನೆ. ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ಔಷಧಿ. ಸರಿಯಾದ ಪ್ರಶ್ನೆ ಅದೇ ಅಲ್ವಾ?

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿವಾರು ಮಳೆ ಮುನ್ಸೂಚನೆ ಕೊಡುತ್ತದೆ, ವರುಣಮಿತ್ರ ಸಹಾಯವಾಣಿಯೂ ಇದೆ. ಅದರ ಪಕ್ಕದಲ್ಲಿ ಮಯಾಮಿಯವರ ಹಾಗೆ ಶೇ 30, ಶೇ 70 ಅಂತ ಒಂದು ಅಂಕಿ ಸೇರಿಸಿದರೆ ಕಾಕಾನಿಗೆ ಒಂದು ಸುತ್ತಿನ ಎಣ್ಣೆ ಖರ್ಚಾದರೂ ಉಳಿದೀತು.