ಸ್ಪಷ್ಟನೆ: ಏಳು ರೆಕ್ಕೆಗಳ ವಿಮಾನ ರೈಟ್ ಸಹೋದರರಿಗಿಂತ ಹಿಂದಿನದಲ್ಲ

ಒಂದರ ಮೇಲೊಂದು ಏಳು ರೆಕ್ಕೆ ಜೋಡಿಸಿದ ವಿಮಾನವೊಂದು ಓಡುತ್ತಲೇ ಮಡಚಿಕೊಂಡು ಕುಸಿಯುವ ಕಪ್ಪು-ಬಿಳುಪು ವಿಡಿಯೊ ಹರಿದಾಡುತ್ತಿದೆ. 'ರೈಟ್ ಸಹೋದರರಿಗಿಂತ ಮೊದಲು ನಡೆದ ವಿಫಲ ಪ್ರಯತ್ನ' ಎಂಬ ಅದರ ಅಡಿಬರಹ ತಪ್ಪು.

ಅದು ಅಮೆರಿಕದ ಒಹಾಯೊ ರಾಜ್ಯದ ಡೇಟನ್‌ನಲ್ಲಿ 1923ರಲ್ಲಿ ಪರೀಕ್ಷಿಸಿದ ಗೆರ್ಹಾರ್ಟ್ ಸೈಕಲ್‌ಪ್ಲೇನ್. ರೈಟ್ ಸಹೋದರರು ಹಾರಿದ್ದು 1903ರಲ್ಲಿ. ಡೇಟನ್ ಅವರದೇ ಊರು. ಇದನ್ನು ರೂಪಿಸಿದ ಫ್ರೆಡರಿಕ್ ಗೆರ್ಹಾರ್ಟ್, ಸೇನೆಯ ಮೆಕುಕ್ ಫೀಲ್ಡ್ ವಾಯುನೆಲೆಯ ಎಂಜಿನಿಯರ್. ಅದೇ ವರ್ಷದ ಮೇ ತಿಂಗಳಲ್ಲಿ ಸೇನೆಯ ಟಿ-2 ವಿಮಾನ ಅಮೆರಿಕವನ್ನು ಕರಾವಳಿಯಿಂದ ಕರಾವಳಿಗೆ ಎಲ್ಲಿಯೂ ಇಳಿಯದೆ ದಾಟಿತ್ತು. ಹಾರಲು ಬಾರದ ಕಾಲದ ಹುಚ್ಚಾಟ ಇದಾಗಿರಲು ಹೇಗೆ ಸಾಧ್ಯ?

ಮುಖ್ಯ ಸಂಗತಿಯನ್ನೇ ಅಡಿಬರಹ ಮರೆಮಾಚಿದೆ: ಈ ವಿಮಾನಕ್ಕೆ ಎಂಜಿನ್ ಇಲ್ಲ. ಒಳಗೆ ಕುಳಿತವರು ಪೆಡಲ್ ತುಳಿದು ಪ್ರೊಪೆಲ್ಲರ್ ತಿರುಗಿಸಬೇಕು. ಮನುಷ್ಯನ ಕಾಲಿನ ಬಲ ಅತ್ಯಲ್ಪ. ಅಷ್ಟರಲ್ಲೇ ಮೇಲೇಳಬೇಕಾದರೆ ಕಡಿಮೆ ವೇಗದಲ್ಲೂ ಎತ್ತಿ ಹಿಡಿಯುವಷ್ಟು ರೆಕ್ಕೆಯ ವಿಸ್ತಾರ ಬೇಕು, ತೂಕ ಮಾತ್ರ ಹೆಚ್ಚಬಾರದು. ಏಳು ಸಪೂರ ರೆಕ್ಕೆಗಳ ಲೆಕ್ಕಾಚಾರ ಇದೇ.

ಕಾರಿಗೆ ಕಟ್ಟಿ ಎಳೆದಾಗ ಅದು ಹಾರಿತು. ಬರಿಯ ಪೆಡಲ್ ಬಲದಿಂದ ಸುಮಾರು ಎರಡು ಅಡಿ ಮೇಲೆದ್ದು, 20 ಅಡಿ ದೂರ ಸಾಗಿತು. ಕುಸಿತದ ದೃಶ್ಯ ನಿಜ. ಆದರೆ ಈ ಪುಟ್ಟ ಜಿಗಿತವನ್ನು ಬಿಟ್ಟು ಅದನ್ನಷ್ಟೇ ತೋರಿಸಿ ನಗುವುದು ಅನ್ಯಾಯ.